ಕೈಗುಣ

ಹೋದ ತಿಂಗಳು ಶುಗರ್ ಟೆಸ್ಟಿಗೆ ಅಂತ ಲ್ಯಾಬಿಗೆ ಹೋಗಿದ್ದೆ. ಮಗಳೂ ಜೊತೆಗೆ ಬಂದಿದ್ದಳು. ರಕ್ತ ತೆಗೆಯುವ ಹುಡುಗಿ ಹತ್ತಿಗೆ ಸ್ಪಿರಿಟ್ ಹಾಕಿ ನನ್ನ ತೋಳಿಗೆ ಒರೆಸಿದಳು. ಆ ತಣ್ಣನೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಕಣ್ಣಲ್ಲಿ ನೀರು ತುಂಬಿಕೊಂಡಿತು. "ಇನ್ನೂ ಚುಚ್ಚೇ ಇಲ್ಲ ಆಂಟಿ!" ಅಂತ ಹುಡುಗಿ ನಕ್ಕಳು. ನಾನೂ ನಕ್ಕೆ. ಆದರೆ ಆ ವಾಸನೆ ಸುಮ್ಮನೆ ಬಿಡಲಿಲ್ಲ. ಇಪ್ಪತ್ತೈದು ವರ್ಷಕ್ಕೂ ಹಿಂದೆ ದಿನವೂ ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವರ ಕೈಗಳ ವಾಸನೆ ಅದು...

ಆಗ ನಾನು ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಅವರು ಸೈನ್ಸ್ ಮೇಡಂ. ಹೆಡ್ ಮಾಸ್ಟರರಿಂದ ಹಿಡಿದು ಬಸ್ಸಿನ ಕಂಡಕ್ಟರ್ ತನಕ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಹಾಗೆಯೇ. ನನಗಿಂತ ಏಳೆಂಟು ವರ್ಷ ದೊಡ್ಡವರು, ಮದುವೆಯಾಗಿರಲಿಲ್ಲ. ಶಿವಮೊಗ್ಗದ ರವೀಂದ್ರನಗರದಲ್ಲಿ ನಮ್ಮ ಮನೆಯಿಂದ ಎರಡು ಅಡ್ಡರಸ್ತೆ ಆಚೆ, ತಾಯಿಯ ಜೊತೆ ಬಾಡಿಗೆ ಮನೆಯಲ್ಲಿದ್ದರು. ಬೆಳಿಗ್ಗೆ ಎಂಟೂವರೆಗೆ ಇಬ್ಬರಿಗೂ ಒಂದೇ ಬಸ್ಸು, ಒಂದೇ ಸೀಟು. ತುಂಗಾ ಸೇತುವೆ ದಾಟುವ ಹೊತ್ತಿಗೆ ಅವರ ಮಾತು ಶುರುವಾದರೆ ಭದ್ರಾವತಿಯ ಫ್ಯಾಕ್ಟರಿ ಚಿಮಣಿ ಕಾಣುವವರೆಗೂ ನಿಲ್ಲುತ್ತಿರಲಿಲ್ಲ. ತುಕ್ಕು ಯಾಕೆ ಹಿಡಿಯುತ್ತೆ, ಹಾಲು ಯಾಕೆ ಉಕ್ಕುತ್ತೆ, ನೀರು ಯಾಕೆ ಉಕ್ಕಲ್ಲ... ಕನ್ನಡ ಎಂ.ಎ. ಮಾಡಿದ ನನಗೆ ವಿಜ್ಞಾನ ಅಂತ ಒಂದಿಷ್ಟು ತಲೆಗೆ ಹತ್ತಿದ್ದರೆ ಅದು ಆ ಬಸ್ಸಿನ ಸೀಟಿನಲ್ಲಿ.

ನಮ್ಮ ಸ್ಕೂಲಿನ ಲ್ಯಾಬ್ ಅಂದರೆ ಒಂದು ಸಣ್ಣ ಕೋಣೆ, ಎರಡು ಬೀರು, ನಾಲ್ಕು ಸ್ಪಿರಿಟ್ ದೀಪ. ಅವರು ಬರುವ ಮೊದಲು ಅದಕ್ಕೆ ಬೀಗ ಹಾಕಿರುತ್ತಿದ್ದರಂತೆ. ಅವರು ಬಂದ ಮೇಲೆ ಬೀಗ ಕಾಣಲಿಲ್ಲ. ಫ್ಯಾಕ್ಟರಿ ಕ್ವಾರ್ಟರ್ಸಿನ ಮಕ್ಕಳು, ತಮಿಳು ತೆಲುಗು ಮಾತಾಡುವ ಮನೆಗಳಿಂದ ಬಂದವರು, ಕನ್ನಡ ಓದುವುದಕ್ಕೇ ಒದ್ದಾಡುವವರು, ಮಧ್ಯಾಹ್ನ ಊಟ ಬಿಟ್ಟು ಆ ಕೋಣೆಯ ಕಿಟಕಿಗೆ ಜೋತು ಬೀಳುತ್ತಿದ್ದರು.

ಅವರ ಬಲಗೈಯಲ್ಲಿ, ಅಂಗೈ ನಡುವೆ, ಒಂದು ಗಾಯದ ಕಲೆಯಿತ್ತು. ಬೆರಳುದ್ದ, ನುಣ್ಣಗೆ, ಬೆಳ್ಳಗೆ. ಮಕ್ಕಳು ಕೇಳಿದರೆ, "ಆ್ಯಸಿಡ್ ಬಿತ್ತು. ಅದಕ್ಕೇ ಹೇಳೋದು ಬಾಟಲಿ ಹುಷಾರಾಗಿ ಹಿಡೀರಿ ಅಂತ" ಅನ್ನುತ್ತಿದ್ದರು. ನಾನೂ ಅದನ್ನೇ ನಂಬಿದ್ದೆ.

ಎರಡನೇ ವರ್ಷದ ಮಳೆಗಾಲದಲ್ಲಿ ಅವರ ಮಾತು ಕಡಿಮೆಯಾಯಿತು. ಮೊದಮೊದಲು ನಾನು ಗಮನಿಸಲಿಲ್ಲ. ಆಮೇಲೆ ಬಸ್ಸಿನಲ್ಲಿ ನಾನೊಬ್ಬಳೇ ಮಾತಾಡುತ್ತಿದ್ದೇನೆ ಅನ್ನುವುದು ಗೊತ್ತಾಯಿತು. ಒಂದು ದಿನ ಲ್ಯಾಬಿಗೆ ಹೋದಾಗ ಅವರು ಒಂದು ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ಎಂಟನೇ ಕ್ಲಾಸಿನವರಿಗೆ ತೋರಿಸಲು ಒದ್ದೆ ಹತ್ತಿಯ ಮೇಲೆ ಹನ್ನೆರಡು ಅವರೆ ಬೀಜ ಇಟ್ಟಿದ್ದರು. ಹತ್ತು ಮೊಳೆತಿದ್ದವು. ಎರಡು ಕೊಳೆತಿದ್ದವು.

"ನೋಡು," ಅಂದರು. "ನಾನು ಇಟ್ಟಿದ್ದಕ್ಕೆ."

"ಹತ್ತು ಮೊಳೆತಿದಾವಲ್ಲ ಮೇಡಂ!"

"ಅದು ಅವುಗಳ ಪುಣ್ಯ."

ತಮಾಷೆ ಅಂದುಕೊಂಡು ನಕ್ಕುಬಿಟ್ಟೆ. ಅವರು ನಗಲಿಲ್ಲ. ಆ ಇಡೀ ತಿಂಗಳು ಅವರಿಗೆ ಕಂಡದ್ದು ಆ ಎರಡು ಬೀಜಗಳೇ. ಟೆಸ್ಟಿನಲ್ಲಿ ನಾಲ್ಕು ಮಕ್ಕಳು ಫೇಲಾದರೆ ಅದು ತನ್ನಿಂದ. ಹೆಡ್ ಮಾಸ್ಟರರು ಎದುರಿಗೆ ಬಂದು ನಗದೆ ಹೋದರೆ ತನ್ನಿಂದ. ಬಸ್ಸಿನ ಟೈರು ಪಂಕ್ಚರಾದರೂ ತನ್ನಿಂದ. ಒಳ್ಳೆಯದಾದರೆ ಅದಕ್ಕೆ ಬೇರೆ ಏನಾದರೂ ಕಾರಣ ಇರುತ್ತಿತ್ತು. ಕೆಟ್ಟದ್ದಕ್ಕೆ ಮಾತ್ರ ಅವರೇ ಕಾರಣ. ಆ ಲೆಕ್ಕ ಎಲ್ಲೂ ತಪ್ಪುತ್ತಿರಲಿಲ್ಲ...

ಬೇಸಿಗೆ ಬರುವಷ್ಟರಲ್ಲಿ ಅವರು ಮತ್ತೆ ಎದ್ದರು. ಎದ್ದರು ಅನ್ನುವುದಕ್ಕಿಂತ ಹಾರಿದರು ಅನ್ನಬೇಕು. ಮೊದಲು ನನಗೆ ಸಂತೋಷವೇ ಆಯಿತು. ಹಳೆಯ ಮಾತು, ಹಳೆಯ ನಗು. ಆದರೆ ಮಾತು ದಿನದಿನಕ್ಕೂ ವೇಗವಾಯಿತು. ನಿದ್ದೆಯೇ ಬೇಕಾಗಿಲ್ಲ ಅಂದರು. ಲ್ಯಾಬಿನ ಗೋಡೆಗಳಿಗೆ ತಾವೇ ಬಣ್ಣ ಬಳಿದರು. ಎಸ್ಸೆಸ್ಸೆಲ್ಸಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ತಲೆ ಮೇಲೂ ಬಲಗೈ ಇಟ್ಟು, "ನನ್ನ ಕೈ ಮುಟ್ಟಿದೆ, ನೀನು ಫೇಲಾಗಲ್ಲ ಹೋಗು" ಅಂದರು. ಮಕ್ಕಳು ಕಿಸಕಿಸ ನಗುತ್ತಿದ್ದರು. ಸ್ಟಾಫ್ ರೂಮಿನಲ್ಲಿ ನಾವೂ ನಕ್ಕೆವು.

ಆ ನಗು ನಿಂತದ್ದು ಬಸ್ಸಿನಲ್ಲಿ. ಮುಂದಿನ ಸೀಟಿನಲ್ಲಿ ಒಬ್ಬ ಹೆಂಗಸು ಅಳುವ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ಜ್ವರವಂತೆ, ಭದ್ರಾವತಿ ಆಸ್ಪತ್ರೆಗೆ ಹೊರಟಿದ್ದಳು. ಸೈನ್ಸ್ ಮೇಡಂ ಎದ್ದು ಹೋಗಿ ಒಂದು ಮಾತೂ ಕೇಳದೆ ಮಗುವನ್ನು ಎತ್ತಿಕೊಂಡುಬಿಟ್ಟರು.

"ಆಸ್ಪತ್ರೆ ಬೇಡ. ನನ್ನ ಕೈಲಿ ಎರಡು ನಿಮಿಷ ಇರಲಿ, ಜ್ವರ ಬಿಡುತ್ತೆ. ನನ್ನ ಕೈಗುಣ ಹಂಗಿದೆ."

"ಅಯ್ಯೋ, ಕೊಡ್ರೀ ಮಗೂನ!" ಅಂತ ಆ ಹೆಂಗಸು ಕಿರುಚಿದಳು. ಇವರು ಕೊಡಲಿಲ್ಲ. ಮಗುವಿನ ಹಣೆಗೆ ಅಂಗೈ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತೇ ಇದ್ದರು. ಯಾರೋ ತೋಳು ಹಿಡಿದು ಎಳೆದರು, ಇನ್ಯಾರೋ ಹುಚ್ಚಿ ಅಂದರು. ದಿನಾ ನಮಸ್ಕಾರ ಹೇಳುತ್ತಿದ್ದ ಕಂಡಕ್ಟರ್ ಮಾಚೇನಹಳ್ಳಿಯಲ್ಲಿ ಬಸ್ಸು ನಿಲ್ಲಿಸಿ, "ಇಳ್ಕೊಳ್ಳಿ ಮೇಡಂ, ದಯವಿಟ್ಟು" ಅಂದ. ನಾನೂ ಅವರ ಹಿಂದೆಯೇ ಇಳಿದೆ. ರಸ್ತೆ ಪಕ್ಕ ನಿಂತು ಅವರು ನಗುತ್ತಲೇ ಇದ್ದರು, ಸೆರಗು ಮಣ್ಣಿಗೆ ಬಿದ್ದದ್ದೂ ಗೊತ್ತಿರಲಿಲ್ಲ.

ಅವರ ತಾಯಿಯೂ ನಾನೂ ಸೇರಿ ಶಿವಮೊಗ್ಗದ ಒಬ್ಬ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಹೋಗುವುದಕ್ಕೇ ನಾಲ್ಕು ದಿನ ಜಗಳವಾಯಿತು. ಬೈಪೋಲಾರ್ ಅಂದರು ಡಾಕ್ಟರು. ಆ ಪದ ನಾನು ಕೇಳಿದ್ದು ಅದೇ ಮೊದಲು. ಮಾತ್ರೆ ಹಿಡಿದು ಎರಡು ತಿಂಗಳ ಮೇಲೆ ಅವರೇ ನನಗೆ ಪಾಠ ಮಾಡಿದರು.

"ಆಯಸ್ಕಾಂತ ಗೊತ್ತಲ್ಲ ಮಾರಾಯ್ತಿ, ಉತ್ತರ ಧ್ರುವ, ದಕ್ಷಿಣ ಧ್ರುವ. ನಡೂಕೆ ಕತ್ತರಿಸಿದ್ರೆ ಒಂದೊಂದು ಧ್ರುವ ಒಂದೊಂದು ಕಡೆ ಹೋಗುತ್ತೆ ಅಂದ್ಕೊಂಡಿದೀಯಾ? ಇಲ್ಲ. ಎಷ್ಟು ತುಂಡು ಮಾಡಿದ್ರೂ ಪ್ರತಿ ತುಂಡಿಗೂ ಎರಡೂ ಇರುತ್ತೆ. ನಾನು ಹಂಗೆ." ಆಮೇಲೆ ಮಾತ್ರೆಯ ಚೀಟಿ ತೋರಿಸಿ, "ಹೈಡ್ರೋಜನ್, ಹೀಲಿಯಂ, ಲಿಥಿಯಂ. ಕೋಷ್ಟಕದಲ್ಲಿ ಮೂರನೇದು. ಮಕ್ಕಳಿಗೆ ಬಾಯಿಪಾಠ ಮಾಡಿಸ್ತಿದ್ದೆ, ಈಗ ನಾನೇ ನುಂಗ್ತಿದೀನಿ" ಅಂದು ನಕ್ಕರು.

ಆ ಮಾತ್ರೆಗೆ ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕಿತ್ತು. ಶನಿವಾರ ಸ್ಕೂಲು ಬೇಗ ಬಿಟ್ಟಾಗ ನಾನು ಜೊತೆಗೆ ಹೋಗುತ್ತಿದ್ದೆ. ಒಂದು ಶನಿವಾರ ಲ್ಯಾಬಿನ ಹೊರಗಿನ ಬೆಂಚಿನಲ್ಲಿ, ತೋಳಿಗೆ ಹತ್ತಿ ಒತ್ತಿ ಹಿಡಿದುಕೊಂಡು, ಯಾವ ಪೀಠಿಕೆಯೂ ಇಲ್ಲದೆ ಹೇಳಿದರು:

"ಇದು ಆ್ಯಸಿಡ್ ಬಿದ್ದಿದ್ದಲ್ಲ."

ಅವರ ತಂದೆ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸಗಾರ. ಕ್ವಾರ್ಟರ್ಸಿನಲ್ಲಿ ಮನೆ. ಇವರಿಗೆ ಏಳು ವರ್ಷ, ತಮ್ಮನಿಗೆ ಹತ್ತು ತಿಂಗಳು. ಒಂದು ಮಧ್ಯಾಹ್ನ ತಾಯಿ ರೇಷನ್ ತರಲು ಹೋದಾಗ ತಮ್ಮ ಅತ್ತನಂತೆ. ಇವರು ತಾವೇ ಅನ್ನಕ್ಕೆ ಹಾಲು ಕಲಸಿ ತಿನ್ನಿಸಿದರಂತೆ. ಸಂಜೆಯಿಂದ ವಾಂತಿ ಭೇದಿ. ಮೂರನೇ ದಿನ ಮಗು ಹೋಯಿತು. ಆ ಬೇಸಿಗೆಯಲ್ಲಿ ಆ ಸಾಲಿನಲ್ಲಿ ಇನ್ನೂ ಎರಡು ಮಕ್ಕಳು ವಾಂತಿ ಭೇದಿಯಿಂದಲೇ ಹೋಗಿದ್ದವು ಅನ್ನುವುದು ಅವರಿಗೆ ತಿಳಿದದ್ದು ದೊಡ್ಡವರಾದ ಮೇಲೆ. ಆಗ ಮನೆಯಲ್ಲಿ ಕೇಳಿದ್ದು ಅಜ್ಜಿಯ ಒಂದೇ ಮಾತು: ಇವಳ ಕೈಗುಣ ಕೆಟ್ಟದ್ದು. ಕೆಟ್ಟದ್ದು ಸುಟ್ಟು ಹೋಗಲಿ ಅಂತ ಅಜ್ಜಿ ಕಬ್ಬಿಣದ ಸಟ್ಟುಗದ ಹಿಡಿ ಕೆಂಡದಲ್ಲಿ ಕಾಯಿಸಿ ಇವರ ಅಂಗೈಗೆ ಬರೆ ಹಾಕಿದಳು. ತಂದೆ ತೋಳು ಹಿಡಿದುಕೊಂಡಿದ್ದರು.

"ಅಲ್ಲಿಂದ ಮೇಲೆ ಉಪ್ಪಿನಕಾಯಿ ಭರಣಿ ಮುಟ್ಟೋ ಹಂಗಿಲ್ಲ. ಹಾಲಿಗೆ ಹೆಪ್ಪು ಹಾಕೋ ಹಂಗಿಲ್ಲ. ಯಾರ ಮನೇಲಿ ತೊಟ್ಟಿಲು ಕಟ್ಟಿದ್ರೂ ನಾನು ಹೊರಗೆ. ಮದುವೆನೂ... ಬಿಡು."

"ನಿಮ್ಮಮ್ಮ?" ಅಂದೆ.

"ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ಳು. ಅಜ್ಜಿ ಮೇಲೆ ನಂಗೆ ಸಿಟ್ಟಿಲ್ಲ ಮಾರಾಯ್ತಿ, ಅವಳಿಗೆ ತಿಳಿದಿದ್ದೇ ಅಷ್ಟು. ಆದ್ರೆ ಅಮ್ಮ 'ಅಲ್ಲ' ಅಂತ ಒಂದ್ಸಲ ಅನ್ನಬಹುದಿತ್ತು. ಆವತ್ತಲ್ಲದಿದ್ರೆ ಆಮೇಲೆ. ಇವತ್ತಿನವರೆಗೂ ಅಂದಿಲ್ಲ."

ನನಗೆ ಆಗ ತುಂಬ ಸಿಟ್ಟು ಬಂದಿತ್ತು. "ನೀವು ಸೈನ್ಸ್ ಟೀಚರು. ಕೈಗುಣ ಅಂದ್ರೆ ಏನು ಮೇಡಂ? ನಿಮಗೆ ಗೊತ್ತಿಲ್ವಾ ಇದೆಲ್ಲ ಸುಳ್ಳು ಅಂತ?" ಎಂದು ಜೋರಾಗೇ ಕೇಳಿದೆ.

"ತಲೆಗೆ ಗೊತ್ತು," ಅಂದರು. "ಕೆಳಗೆ ಬಿದ್ದಾಗ ಈ ಕೈ ಮುಟ್ಟಿದ್ದೆಲ್ಲ ಸಾಯುತ್ತೆ ಅನ್ಸುತ್ತೆ. ಮೇಲೆ ಹೋದಾಗ ಮುಟ್ಟಿದ್ದೆಲ್ಲ ಬದುಕುತ್ತೆ ಅನ್ಸುತ್ತೆ. ನಡುವೆ ಇರೋ ನಾಲ್ಕು ದಿನ ಮಾತ್ರ ಇದು ಬರೀ ಕೈ."

ಆ ನಡುವಿನ ದಿನಗಳು ಅವರಿಗೆ ಎರಡು ವರ್ಷ ಸಿಕ್ಕವು. ಮಾತ್ರೆಯಿಂದ ಕೈ ಸ್ವಲ್ಪ ನಡುಗುತ್ತಿತ್ತು. ಬೋರ್ಡಿನ ಮೇಲೆ ಅಕ್ಷರ ಅಲ್ಲಾಡುತ್ತಿದ್ದವು, ಹಿಂದಿನ ಬೆಂಚಿನವರು ಅದನ್ನು ಅಣಕಿಸುತ್ತಿದ್ದರು. ಅದು ಮಾತ್ರೆಯದ್ದು ಅಂತ ಗೊತ್ತಿದ್ದರೂ ಅವರು ನಡುಗುವ ಕೈಯನ್ನು ಅನುಮಾನದಿಂದ ನೋಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಆದರೂ ಅವು ಒಳ್ಳೆಯ ದಿನಗಳು.

ಅದೇ ಸಮಯದಲ್ಲಿ ನನಗೆ ಮಗಳು ಹುಟ್ಟಿದಳು. ಬಾಣಂತನ ಮುಗಿಸಿ ನಾನು ರವೀಂದ್ರನಗರಕ್ಕೆ ಬಂದ ಮೇಲೆ ಸೈನ್ಸ್ ಮೇಡಂ ನೋಡಲು ಬಂದರು. ಬಾಗಿಲ ಹತ್ತಿರದ ಕುರ್ಚಿಯಲ್ಲಿ, ಕೈ ಎರಡೂ ಸೆರಗಿನೊಳಗೆ ಇಟ್ಟುಕೊಂಡು ಕೂತರು. ನಾನು ಮಗುವನ್ನು ತಂದು ಅವರ ಮಡಿಲಿಗೆ ಹಾಕಲು ಹೋದೆ.

"ಬೇಡ ಮಾರಾಯ್ತಿ, ಬೇಡ."

"ಹಿಡ್ಕೊಳ್ಳಿ ಮೇಡಂ. ಬರೀ ಕೈ ಅಲ್ವಾ?"

ತುಂಬಿದ ಗಾಜಿನ ಬೀಕರ್ ಹಿಡಿಯುವ ಹಾಗೆ ಹಿಡಿದುಕೊಂಡರು. ಉಸಿರೂ ಆಡಿದ್ದು ಕಾಣಲಿಲ್ಲ. ಮಗು ಅವರ ಬೆರಳು ಹಿಡಿದು ಬಾಯಿಗೆ ಹಾಕಿಕೊಂಡಿತು. ಆ ಹೊತ್ತಿನ ಅವರ ಮುಖ... ನನ್ನ ಮಗಳನ್ನು ಅಷ್ಟು ಆಸೆಯಿಂದ, ಅಷ್ಟು ಹೆದರಿಕೆಯಿಂದ ನೋಡಿದವರು ಇನ್ನೊಬ್ಬರಿಲ್ಲ. ಅಲ್ಲಿಂದ ಪ್ರತಿ ಭಾನುವಾರ ಬರುತ್ತಿದ್ದರು. ನಾಲ್ಕು ತಿಂಗಳ ಹೊತ್ತಿಗೆ ಮಗು ಅವರ ದನಿ ಕೇಳಿದರೆ ಕೈಕಾಲು ಬಡಿಯುತ್ತಿತ್ತು.

ನಾನು ಮಾಡಿದ ಮೊದಲ ತಪ್ಪು, ಆ ಅಂಗೈ ಕಥೆಯನ್ನು ಮನೆಯಲ್ಲಿ ಗಂಡನಿಗೆ ಹೇಳಿದ್ದು. ಅಡುಗೆಮನೆಯಲ್ಲಿದ್ದ ಅತ್ತೆಯ ಕಿವಿಗೂ ಅದು ಬಿತ್ತು.

ಏಳನೇ ತಿಂಗಳಲ್ಲಿ ಮಗುವಿಗೆ ಜ್ವರ ಬಂತು. ಮೊದಲು ನೆಗಡಿ ಅಂದುಕೊಂಡೆವು. ಮೂರನೇ ದಿನ ಉಸಿರಾಟ ಗೊರಗೊರ ಅನ್ನತೊಡಗಿತು. ಎದೆ ಕಟ್ಟಿದೆ, ನಾಳೆಗೂ ಹೀಗೇ ಇದ್ದರೆ ಸೇರಿಸಿಬಿಡಿ ಅಂದರು ಡಾಕ್ಟರು. ಅತ್ತೆ ಇಡೀ ದಿನ ಒಂದೇ ಮಾತು ಹೇಳುತ್ತಿದ್ದರು: "ಭಾನುವಾರ ಅವ್ರು ಎತ್ಕೊಂಡಿದ್ದು, ಸೋಮವಾರ ಜ್ವರ. ನಾನು ಹೇಳಲ್ಲ, ನೀವೇ ನೋಡಿ." ನಾನು ರೇಗಿದೆ. ಎರಡು ಸಲ ರೇಗಿದೆ. ಮೂರನೇ ಸಲ ಸುಮ್ಮನಾದೆ.

ಸಂಜೆ ಐದಕ್ಕೆ ಗೇಟು ಸದ್ದಾಯಿತು. ಸೈನ್ಸ್ ಮೇಡಂ. ಸ್ಕೂಲಿನಿಂದ ನೇರ ಬಂದಿದ್ದರು, ಕೈಚೀಲ ಹೆಗಲಲ್ಲೇ ಇತ್ತು. ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಅವರು ಮೆಟ್ಟಿಲು ಹತ್ತಲಿಲ್ಲ. ಕೆಳಗಿನಿಂದಲೇ ಕೇಳಿದರು:

"ನಾನು ಎತ್ಕೊಂಡಿದ್ದಕ್ಕಾ?"

ಒಂದೇ ಮಾತು ಸಾಕಿತ್ತು. ಅದೂ ಎರಡಕ್ಷರದ ಮಾತು. ಅವರ ತಾಯಿ ಮೂವತ್ತು ವರ್ಷ ಹೇಳದೇ ಇದ್ದ ಮಾತು ಅದೇ ಅಂತ ಗೊತ್ತಿದ್ದವಳು ನಾನೊಬ್ಬಳೇ. ಮಗುವಿನ ಮೈ ನನ್ನ ಕುತ್ತಿಗೆಯನ್ನು ಸುಡುತ್ತಿತ್ತು. ನನ್ನ ಬಾಯಿ ತೆರೆಯಲಿಲ್ಲ. ತೆರೆಯಲಿಲ್ಲ ಅನ್ನುವುದಷ್ಟೇ ಅಲ್ಲ, ನನ್ನ ಕೈ ತಾನಾಗಿ ಸೆರಗು ಎಳೆದು ಮಗುವಿನ ತಲೆ ಮುಚ್ಚಿತು.

ಅವರು ಆ ಸೆರಗನ್ನು ನೋಡಿದರು. "ಸರಿ," ಅಂದರು. ತಿರುಗಿ ಹೋದರು. ಹೋಗುವಾಗ ಗೇಟನ್ನು ಕೈಯಿಂದ ಮುಟ್ಟಲಿಲ್ಲ. ಸೆರಗಿನ ತುದಿಯಿಂದ ಹಿಡಿದು ಮುಚ್ಚಿದರು.

ಮಗುವನ್ನು ಮರುದಿನ ಸೇರಿಸಿದೆವು. ನ್ಯುಮೋನಿಯಾ. ಆರನೇ ದಿನ ಮನೆಗೆ ಕಳಿಸಿದರು. ಆಮೇಲೆ ಒಂದು ತಿಂಗಳು ನಾನು ರಜೆ ಹಾಕಿದ್ದೆ. ಎರಡು ಅಡ್ಡರಸ್ತೆ ದೂರ. ಇವತ್ತು ಹೋಗ್ತೀನಿ, ನಾಳೆ ಹೋಗ್ತೀನಿ ಅಂದುಕೊಳ್ಳುತ್ತಲೇ ಆ ತಿಂಗಳು ಕಳೆಯಿತು. ಹೋಗಿ ಏನು ಹೇಳುವುದು ಅನ್ನುವ ನಾಚಿಕೆಗೆ ಹೆದರಿ, ಹೇಳಬೇಕಾದದ್ದನ್ನು ತಡಮಾಡಿದೆ. ಸ್ಕೂಲಿಗೆ ಹೋದ ದಿನ ಗೊತ್ತಾಯಿತು, ಸೈನ್ಸ್ ಮೇಡಂ ಮೂರು ವಾರದಿಂದ ಬಂದಿಲ್ಲ. ಸಂಜೆ ಅವರ ಮನೆಗೆ ಓಡಿದೆ. ಬೀಗ. ಓನರ್ ಹೆಂಗಸು, "ಸೋದರಮಾವ ಬಂದು ತಾಯಿ ಮಗಳು ಇಬ್ರನ್ನೂ ಆಯನೂರಿಗೆ ಕರ್ಕೊಂಡು ಹೋದ್ರು ಕಣ್ರೀ. ಆಯಮ್ಮ ಊಟ ನೀರು ಎಲ್ಲ ಬಿಟ್ಟಿದ್ರು" ಅಂದಳು.

ಆಯನೂರು ಸಾಗರ ರಸ್ತೆಯಲ್ಲಿ ಬಸ್ಸಿಗೆ ಎಷ್ಟು ದೂರ? ಒಂದು ಗಂಟೆಯೂ ಇಲ್ಲ. ನನಗೆ ಅಲ್ಲಿಗೆ ಹೋಗಲು ಆರು ತಿಂಗಳು ಬೇಕಾಯಿತು.

ಆಗ ಮಗಳು ನಡೆಯುತ್ತಿದ್ದಳು. ಬೇಕೆಂದೇ ಕರೆದುಕೊಂಡು ಹೋದೆ. ಅವರ ಸೋದರಮಾವನ ಮನೆ ಊರ ನಡುವೆಯೇ ಇತ್ತು, ಮುಂದೆ ದಿನಸಿ ಅಂಗಡಿ, ಹಿಂದೆ ವಾಸ. ಮಾತ್ರೆಯಿಂದಲೇ ತಲೆ ಕೆಟ್ಟದ್ದು ಅಂತ ಮಾವ ತೀರ್ಮಾನಿಸಿ ಅದನ್ನು ನಿಲ್ಲಿಸಿದ್ದರು. ಮೇಡಂ ಕುತ್ತಿಗೆಯಲ್ಲಿ ಒಂದು ತಾಯಿತ ಇತ್ತು. ಸೈನ್ಸ್ ಮೇಡಂ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಕೈ ಎರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡಿದ್ದರು. ಮಗಳು ತಟಪಟ ನಡೆದು ಮಂಚದ ಹತ್ತಿರ ಹೋದಳು. ಅವರು ಸರ್ರನೆ ಕಾಲು ಮೇಲೆ ಎಳೆದುಕೊಂಡರು.

"ನೋಡಿ ಮೇಡಂ," ಅಂದೆ. "ಎಷ್ಟು ಹುಷಾರಾಗಿದಾಳೆ. ಒಂದು ನೆಗಡಿನೂ ಬಂದಿಲ್ಲ ಆಮೇಲೆ."

ಅವರು ಮಗುವನ್ನೇ ನೋಡುತ್ತಿದ್ದರು. ಆ ಮುಖದಲ್ಲಿ ನಿಜವಾದ ಸಮಾಧಾನವಿತ್ತು. ಮೆಲ್ಲಗೆ ಹೇಳಿದರು:

"ಹೌದು. ನಾನು ದೂರ ಇದೀನಲ್ಲ."

ಆಗ ಹೇಳಿದೆ ನಾನು. ಅಲ್ಲ ಮೇಡಂ, ನಿಮ್ಮಿಂದ ಅಲ್ಲ, ಅದು ನ್ಯುಮೋನಿಯಾ, ಆವತ್ತು ನಾನೇ ತಪ್ಪು ಮಾಡಿದೆ. ಹತ್ತು ಸಲ ಹೇಳಿದೆ. ಬಾಯಿಪಾಠ ಒಪ್ಪಿಸುವ ಹುಡುಗಿಯ ಮಾತು ಕೇಳುವ ಹಾಗೆ ತಾಳ್ಮೆಯಿಂದ ಕೇಳಿಸಿಕೊಂಡರು. ಹೊರಡುವಾಗ, "ಬಸ್ಸಲ್ಲಿ ಕಿಟಕಿ ಹತ್ರ ಕೂರಿಸ್ಬೇಡ, ಗಾಳಿ" ಅಂದರು. ಅಷ್ಟೇ.

ಹೊರಗೆ ಬಂದ ಮೇಲೆ ಮಾವನಿಗೆ ಡಾಕ್ಟರ ಹೆಸರು ಬರೆದುಕೊಟ್ಟೆ. "ಆಯ್ತಮ್ಮ, ನೋಡಾಣ" ಅಂದು ಚೀಟಿಯನ್ನು ಮೇಜಿನ ಡ್ರಾಯರಿಗೆ ಹಾಕಿದರು. ಮತ್ತೆ ಬಂದು ನಾನೇ ಕರೆದುಕೊಂಡು ಹೋಗುತ್ತೇನೆ ಅಂತ ಅವರ ತಾಯಿಗೆ ಹೇಳಿದೆ. ಹೇಳಿದ್ದು ನಿಜ, ಮನಸ್ಸೂ ಇತ್ತು. ಆಮೇಲೆ ಪರೀಕ್ಷೆ ಬಂತು, ಪೇಪರ್ ತಿದ್ದುವುದು ಬಂತು, ನನ್ನ ಮಾವನವರಿಗೆ ಆಪರೇಷನ್ ಆಯಿತು...

ಎರಡು ವರ್ಷದ ಮೇಲೆ ಗಾಂಧಿ ಬಜಾರಿನಲ್ಲಿ ಒಂದು ಬಟ್ಟೆ ಅಂಗಡಿಯ ಮುಂದೆ ಅವರ ತಾಯಿ ಸಿಕ್ಕರು. ತುಂಬ ಕುಗ್ಗಿದ್ದರು. ನಾನು ಕೇಳುವ ಮೊದಲೇ ಹೇಳಿದರು: "ಹೋಗಿ ಎಂಟು ತಿಂಗಳಾಯ್ತಮ್ಮ. ಮೈಯಲ್ಲಿ ಏನೂ ಇರ್ಲಿಲ್ಲ, ಜ್ವರ ಬಂತು, ತಡೀಲಿಲ್ಲ." ಆಮೇಲೆ ಅಂದರು, "ತನ್ನ ಕೈಯಿಂದ ತಾನೇ ಉಣ್ಣಲ್ಲ ಅಂತಿದ್ಳು. ಕೊನೆ ಕೊನೆಗೆ ನಾನೇ ತುತ್ತು ಮಾಡಿ ಕೊಡ್ತಿದ್ದೆ. ಬಾಯಿ ತೆಗೀತಿದ್ಳು, ಚಿಕ್ಕ ಮಗು ಹಂಗೆ."

ನಾನು ಅವರ ತೋಳು ಹಿಡಿದುಕೊಂಡೆ. ಅವರನ್ನು ದೂರುವ ಹಕ್ಕು ನನಗೆ ಉಳಿದಿರಲಿಲ್ಲ.

ಮುಂದೆ ಒಬ್ಬ ಡಾಕ್ಟರರನ್ನು ಬೇರೆ ಯಾರದೋ ವಿಷಯ ಅನ್ನುವ ಹಾಗೆ ಕೇಳಿದ್ದೆ. ಕಾಯಿಲೆ ಯಾರೊಬ್ಬರ ಒಂದು ಮಾತಿನಿಂದ ಬರುವುದೂ ಇಲ್ಲ, ಹೋಗುವುದೂ ಇಲ್ಲ ಅಂದರು. ಚಿಕ್ಕಂದಿನಲ್ಲಿ ಬಿದ್ದ ಪೆಟ್ಟು ಅದನ್ನು ಇನ್ನಷ್ಟು ಕಷ್ಟ ಮಾಡುತ್ತೆ, ಔಷಧಿ ನಿಲ್ಲಿಸಬಾರದಿತ್ತು ಅಂದರು. ಸರಿಯಾದ ಮಾತೇ. ಆದರೆ ಆ ಮನೆಗೆ ಹೋಗಿ ಔಷಧಿ ನಿಲ್ಲಿಸಬೇಡಿ ಅಂತ ಜಗಳ ಮಾಡಬಹುದಾಗಿದ್ದವಳು ನಾನೊಬ್ಬಳೇ ಇದ್ದೆ.

ಲ್ಯಾಬಿನಿಂದ ಮನೆಗೆ ಬಂದ ಮೇಲೆ ಮಗಳು ಬಿಡಲಿಲ್ಲ. "ಯಾಕಮ್ಮ ಅತ್ತಿದ್ದು?" ಅಂತ ಕೇಳಿದಳು. ಇಷ್ಟು ವರ್ಷ ಅವಳಿಗೆ ಇದನ್ನು ಹೇಳಿರಲಿಲ್ಲ. ಅವತ್ತು ಊಟದ ಮೇಜಿನಲ್ಲಿ ಎಲ್ಲ ಹೇಳಿದೆ. ಸೆರಗು ಎಳೆದದ್ದನ್ನೂ ಹೇಳಿದೆ. ಇಪ್ಪತ್ತಾರು ವರ್ಷದ ಹುಡುಗಿ, ನನ್ನನ್ನು ಸಮಾಧಾನ ಮಾಡುತ್ತಾಳೆ ಅಂತ ಒಳಗೆಲ್ಲೋ ಕಾದಿದ್ದೆ ಅಂತ ಕಾಣುತ್ತೆ.

ಅವಳು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಳು. ಆಮೇಲೆ, "ನೀನು ಇನ್ನೊಂದ್ಸಲ ಹೋಗಬೇಕಿತ್ತು ಅಮ್ಮ," ಅಂದಳು.

"ಹೂಂ," ಅಂದೆ. "ಹೋಗಬೇಕಿತ್ತು."